ಗಾಲಿಗೆ ಕೊಟ್ಟ ಕಲ್ಲು

ನನಗೊಂದು ಚಟವಿದೆ. ಎಲೆ ಅಡಿಕೆಯದ್ದಲ್ಲ, ಚಹಾವನ್ನಂತೂ ನಮ್ಮ ಕಡೆ ಯಾರೂ ಚಟವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಂತ ಗಾಡಿ ಕಂಡರೆ ಸಾಕು, ನನ್ನ ಕಣ್ಣು ಮೊದಲು ಅದರ ಹಿಂದಿನ ಗಾಲಿಗೆ ಹೋಗುತ್ತದೆ. ಕಲ್ಲು ಕೊಟ್ಟಿದ್ದಾರೋ ಇಲ್ಲವೋ ನೋಡಬೇಕು. ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಅಂದೋಲಾದಿಂದ ಬಂದ ಬಸ್ಸು ನಿಂತಿರಲಿ, ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್ ಇರಲಿ, ಮದುವೆ ಮನೆಯ ಮುಂದೆ ಹೂವು ಸುತ್ತಿಕೊಂಡ ಕಾರಿರಲಿ, ಬಗ್ಗಿ ನೋಡದೆ ಮುಂದೆ ಹೋಗಲಾರೆ. ಸಪಾಟು ನೆಲದ ಮೇಲೆ ನಿಲ್ಲಿಸಿದ ನನ್ನ ಸ್ಕೂಟರಿಗೂ ಅರ್ಧ ಇಟ್ಟಂಗಿಯೊಂದನ್ನು ಇಡುತ್ತೇನೆ. ಒಮ್ಮೆ ಶಾಲೆಯ ಆವರಣದಲ್ಲಿ ಹಾಗೆ ಇಡುವುದನ್ನು ನೋಡಿದ ಹೊಸ ಹೆಡ್‌ಮಾಸ್ತರರು, "ಏನ್ರಿ ಮಾಸ್ತರ, ನಿಮ್ಮ ಸ್ಕೂಟರಿಗಿ ಸ್ಟ್ಯಾಂಡ್ ಇಲ್ಲೇನ್ರಿ?" ಎಂದು ಕೇಳಿದರು. "ಅದರಿ. ಆದ್ರ ನನಗ ಭರೋಸಾ ಇಲ್ರಿ" ಎಂದೆ. ಗಣಿತ ಕಲಿಸುವವರು ಸ್ವಲ್ಪ ಹೀಗೇ ಇರುತ್ತಾರೆಂದು ಅವರು ಸುಮ್ಮನಾದರು.

ಈ ಚಟ ಹತ್ತಿದ್ದು ನನ್ನ ಒಂಬತ್ತನೆಯ ವಯಸ್ಸಿನಲ್ಲಿ, ಒಬ್ಬ ಮನುಷ್ಯನ ಹೆಸರು ಕೆಡಿಸಿದ ದಿನ. ಆ ಮನುಷ್ಯ ನಮ್ಮ ಕಾಕಾನ ಡ್ರೈವರ್ ಮಶಾಕ್ ಚಾಚಾ. ಗಾಲಿಗೆ ಕಲ್ಲು ಕೊಡುವುದನ್ನು ಮರೆತು ಸಾಹುಕಾರರ ಕಾರು ಕೆಡಿಸಿದವರು ಎಂದು ನಮ್ಮೂರು ಮಟಕಿಯ ಜನ ಅವರಿಗೆ 'ಕಲ್ಲ ಮರ್ತ ಮಶಾಕ' ಎಂದು ಹೆಸರಿಟ್ಟರು. ಅವರು ಮರೆತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ವರ್ಷ ಬಾಯಿ ಬಿಡಲಿಲ್ಲ. ಹೋದ ವರ್ಷ ಆ ತುಕ್ಕು ಹಿಡಿದ ಕಾರನ್ನು ದುರಸ್ತಿ ಮಾಡಿಸಲು ಹೋಗದೇ ಇದ್ದಿದ್ದರೆ ಇನ್ನೂ ಬಿಡುತ್ತಿರಲಿಲ್ಲವೇನೋ.

ಕಾರಿನ ಪುರಾಣ ಮೊದಲು ಹೇಳಿಬಿಡುತ್ತೇನೆ. ನಮ್ಮಪ್ಪನ ತಮ್ಮ ಶಿವಶರಣಪ್ಪ ಕಾಕಾ ಮಟಕಿಯಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದರು. ನಮ್ಮದು ಕೂಡು ಕುಟುಂಬ, ಕಾಕಾನೇ ಯಜಮಾನರು. ಒಂದು ಸಲ ಸೊಲ್ಲಾಪುರಕ್ಕೆ ಲಾರಿಯಲ್ಲಿ ತೊಗರಿ ಒಯ್ದವರು ತಿರುಗಿ ಬರುವಾಗ ಕಾಂಟೆಸ್ಸಾ ಕಾರಿನಲ್ಲಿ ಬಂದರು. ಅಲ್ಲಿ ಯಾರೋ ಮಿಲ್ಲಿನ ದೊಡ್ಡ ಮನುಷ್ಯರು ಆಗಲೇ ಸಾಕಷ್ಟು ಓಡಿಸಿದ್ದ ಕಾರು. ಆದರೆ ಮಟಕಿಗೆ ಹೊಸದೇ. ನಮ್ಮ ಕಡೆ ಆಗ ಕಾರೆಂದರೆ ಗುಂಡುಗುಂಡಾಗಿ ಇರಬೇಕಿತ್ತು. ಇದು ಅಗಲ ಎದೆ, ಉದ್ದ ಮೂತಿ, ನಾಲ್ಕು ಕಣ್ಣಿನ ಗಾಡಿ. ಶುರು ಮಾಡಿದರೆ ಗುರ್ ಎಂದು ನೆಲ ಅದುರಿಸುತ್ತಿತ್ತು. ಊರವರು ಅದಕ್ಕೆ 'ಹೋರಿ' ಎಂದರು. "ಸಾಹುಕಾರ್ರ ಹೋರಿ ಬಂತು" ಎಂದರೆ ಓಣಿಯ ಕೋಳಿಗಳಿಗೂ ಅರ್ಥವಾಗುತ್ತಿತ್ತು.

ಕಾಕಾಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಕಲಿಯಲೂ ಇಲ್ಲ. "ಸಾಹುಕಾರ ಆದಂವ ಸ್ಟೇರಿಂಗ್ ಹಿಡೀಬಾರ್ದು" ಎನ್ನುತ್ತಿದ್ದರು. ಓಡಿಸುವುದು ಮಶಾಕ್ ಚಾಚಾ, ಓಡಿಸುವ ರೀತಿ ಹೇಳಿಕೊಡುವುದು ಕಾಕಾ. ಗೇರಿನಲ್ಲಿ ಬಿಟ್ಟು ನಿಲ್ಲಿಸಿದರೆ ಗೇರು ಸವೆಯುತ್ತದೆ ಎಂಬುದು ಕಾಕಾನ ಸಿದ್ಧಾಂತ. ಹ್ಯಾಂಡ್ ಬ್ರೇಕಿನ ತಂತಿ ಬಂದ ವರ್ಷವೇ ಕಡಿದು ಹೋಗಿತ್ತು. "ಕಾಲಾಗ ಬ್ರೇಕ್ ಅದಲ್ಲ, ಕೈಯಾಗೂ ಯಾಕ ಬೇಕು?" ಎಂದು ಅದನ್ನು ಮಾಡಿಸಲಿಲ್ಲ. ಹೀಗಾಗಿ ನಮ್ಮ ಹೋರಿ ನಿಲ್ಲುತ್ತಿದ್ದದ್ದು ಒಂದು ಕಲ್ಲಿನ ಮೇಲೆ. ಬೋರೆಹಣ್ಣಿನ ಗಿಡದ ಬುಡದಿಂದ ಆರಿಸಿ ತಂದ, ಒಂದು ಕಡೆ ಚಪ್ಪಟೆ, ಒಂದು ಕಡೆ ಗುಂಡಗಿನ ಕರಿಕಲ್ಲು. ಚಾಚಾ ಅದನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಅದಕ್ಕೆ ಮೆತ್ತಿದ ಗ್ರೀಸ್ ಒರೆಸಲು ಬೇರೆ ಅರಿವೆ ಇತ್ತು.

ಇನ್ನು ಹುಡುಗರು ಆ ಕಾರು ಹತ್ತಬೇಕಾದರೆ ಕಾಲು ತೊಳೆದುಕೊಳ್ಳಬೇಕಿತ್ತು. ನಗಬೇಡಿ, ಮನೆಯ ಕಾನೂನು ಅದು. ಚಾಚಾ ಬಾಗಿಲ ಬಳಿ ತಂಬಿಗೆ ಹಿಡಿದು ನಿಲ್ಲುವರು. ನಾವು ಒಬ್ಬೊಬ್ಬರೇ ಎರೆಮಣ್ಣಿನ ಕಾಲು ಚಾಚುವೆವು. ಅವರು ನೀರು ಹಾಕುವರು. ನಾವು ಹಸಿಗಾಲಲ್ಲೇ ಒಳಗೆ ಹಾರುವೆವು. ಹೊರಗೆ ಎಷ್ಟು ಬಿಸಿಲಿದ್ದರೂ ಒಳಗೆ ಕಾಲಡಿಯ ಚಾಪೆ ಸದಾ ತಣ್ಣಗೆ ಪಚಪಚ ಎನ್ನುತ್ತಿತ್ತು. ಪ್ರತಿ ಅಮಾವಾಸ್ಯೆಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಾರಿಗೆ ವಿಭೂತಿ ಹಚ್ಚಿ, ಬಾನೆಟ್ಟಿನ ಮೇಲೆ ಕಾಯಿ ಒಡೆದ ನೀರನ್ನು ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಸುರಿಯುತ್ತಿದ್ದಳು. ಅದನ್ನು ಒರೆಸಿದರೆ ಅಪಚಾರ. ಚಾಚಾ ಕೈಯಲ್ಲಿ ಅರಿವೆ ಹಿಡಿದುಕೊಂಡು ಸಂಕಟದಿಂದ ನೋಡುತ್ತ ನಿಂತಿರುತ್ತಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಇದೇ ನೀರಿನಿಂದಾಗಿ ಮುಂದೆ ಕಾರು ದುರಸ್ತಿಯ ಮಿಸ್ತ್ರಿಯ ಎದುರು ನಾನು ತಲೆ ತಗ್ಗಿಸಿ ನಿಲ್ಲಬೇಕಾಗಿ ಬಂತು.

ಚಾಚಾ ಕೆಲಸ ಬಿಟ್ಟು ಹೋದ ಮೇಲೆ ಬೇರೆ ಇಬ್ಬರು ಡ್ರೈವರ್ ಬಂದರು, ಹೋದರು. ಆಮೇಲೆ ಎಂಜಿನ್ನೂ ಮುನಿಸಿಕೊಂಡಿತು. ಕಾರನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ನೂಕಿದರು. ಒಂದು ವರ್ಷ ಅದರಲ್ಲಿ ಹತ್ತಿಕಾಳು ತುಂಬಿದರು, ಇನ್ನೊಂದು ವರ್ಷ ಕೋಳಿ ಕಾವಿಗೆ ಕೂತಿತು. ಡ್ರೈವರ್ ಸೀಟಿನಲ್ಲಿ ಕೂತ ಕೋಳಿ ಬಹಳ ಗಂಭೀರವಾಗಿ ಮುಂದೆ ನೋಡುತ್ತಿತ್ತು. ನಾನು ಓದಿ, ಜೇವರ್ಗಿಯಲ್ಲಿ ಮಾಸ್ತರನಾಗಿ, ಹಬ್ಬಕ್ಕೊಮ್ಮೆ ಊರಿಗೆ ಹೋಗುವವನಾದೆ. ಹೋದಾಗಲೆಲ್ಲ ಆ ಕಡೆ ನೋಡದೆ ಬರುತ್ತಿದ್ದೆ.

ಹೋದ ಯುಗಾದಿಗೆ ಕಾಕಾ ಕೊಟ್ಟಿಗೆ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದರು. ಗುಜರಿಯವನು ಟೆಂಪೋ ತಂದು ನಿಲ್ಲಿಸಿ, ಕಾರಿನ ಬಾಗಿಲು ಎಳೆದ. ಬಾಗಿಲು ಅವನ ಕೈಗೇ ಬಂತು. ಅದನ್ನು ನೋಡಿ ಕಾಕಾ ಮುಖ ಆ ಕಡೆ ತಿರುಗಿಸಿದರು. ಕಾಕಾಗೆ ಈಗ ಎಂಬತ್ತು ದಾಟಿದೆ, ದಪ್ಪ ಕನ್ನಡಕ, ಆದರೂ ನೋಡಬಾರದ್ದು ಸರಿಯಾಗಿ ಕಾಣುತ್ತದೆ. ನನ್ನ ಬಾಯಿಂದ ಮಾತು ಹೊರಬಿತ್ತು: "ಕಾಕಾ, ಇದನ್ನ ನಾ ಒಯ್ತೇನಿ. ಮಾಡಿಸ್ತೇನಿ."

"ಏನ್ ಮಾಡಿಸ್ತೀ? ಇದರಾಗ ಏನ್ ಉಳದಾದ?"

"ಇದ್ದಷ್ಟರ ಮ್ಯಾಲ ಮಾಡಿಸ್ತೇನಿ."

ಕಾಕಾ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಆಮೇಲೆ, "ಅವತ್ತ ಆ ಕಲ್ಲ ಮರ್ತ ಮಶಾಕ ಹಿಂದ ಬಡಿಸಿದ್ನಲ್ಲ, ಅಲ್ಲಿಂದ ಈ ಗಾಡಿ ನಸೀಬ ಕೆಟ್ಟಿತು ನೋಡು" ಎಂದರು. ನಾನು ಗುಜರಿಯವನ ಕೈಯಿಂದ ಬಾಗಿಲು ಇಸಿದುಕೊಂಡೆ. ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದಾಗ ಅವಳು, "ಊರಿಂದ ಬರೂ ಮುಂದ ಜನ ಸಜ್ಜಿ ರೊಟ್ಟಿ ತರ್ತಾರ, ನೀವು ಬಾಗಿಲಾ ತಂದೀರಿ" ಎಂದಳು.

ಮಲ್ಲಪ್ಪ ಮಿಸ್ತ್ರಿಯ ಗ್ಯಾರೇಜು ಕಡಗಂಚಿಯ ಹತ್ತಿರ, ರಸ್ತೆಯ ಪಕ್ಕದಲ್ಲೇ ಇದೆ. ಅಲ್ಲಿಯ ವಿಶ್ವವಿದ್ಯಾಲಯದ ಪ್ರೊಫೆಸರರು ತಮ್ಮ ಕಾರುಗಳ ಗೀರುಗಳನ್ನು ಅಳಿಸಿಕೊಂಡು ಹೋಗುವುದು ಅವನಲ್ಲೇ. ಪತ್ರಾ ಕೆಲಸದಲ್ಲಿ, ಅಂದರೆ ತಗಡು ಬಡಿದು ಕೂಡಿಸುವುದರಲ್ಲಿ, ಅವನನ್ನು ಸರಿಗಟ್ಟುವವರು ಆ ಸುತ್ತಿನಲ್ಲಿ ಇಲ್ಲ. ನಮ್ಮ ಕಾರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಲಗಿ ಬಂದಾಗ ಅವನು ಸಣ್ಣ ಸುತ್ತಿಗೆ ತೆಗೆದುಕೊಂಡು, ಗಡಿಗೆ ಕೊಳ್ಳುವವರು ಬಡಿದು ನೋಡುವ ಹಾಗೆ, ಕಾರಿನ ಮೈಯನ್ನೆಲ್ಲ ಟಣ್ ಟಣ್ ಎಂದು ಬಡಿಯುತ್ತ ಸುತ್ತು ಬಂದ. ಗಟ್ಟಿ ಪತ್ರಾ ಟಣ್ ಎನ್ನುತ್ತದಂತೆ, ಜಂಗ್, ಅಂದರೆ ತುಕ್ಕು, ತಿಂದದ್ದು ದಬ್ ಎನ್ನುತ್ತದಂತೆ. ನಮ್ಮ ಕಾರು ದಬ್ ದಬ್ ದಬ್ ಎಂದಿತು. ಬಾನೆಟ್ಟಿಗೆ ಬಂದಾಗ ಸುತ್ತಿಗೆ ಒಳಗೇ ಹೋಯಿತು. ಕಾಲಡಿಯ ಚಾಪೆ ಎತ್ತಿದಾಗ ಕೆಳಗೆ ನೆಲದ ಹುಲ್ಲು ಕಂಡಿತು.

"ಮಾಸ್ತರ, ಇದಕ್ಕ ತಳಾನೇ ಇಲ್ಲಲ್ರಿ. ಜಂಗ್ ಹಿಡದಾದ ಅನ್ನಾಕ ಬರಂಗಿಲ್ಲ, ಜಂಗ್‌ನಾಗ ಸ್ವಲ್ಪ ಗಾಡಿ ಉಳದಾದ ಅನ್ಬೇಕು. ಏನ್ ಮಾಡ್ತಿದ್ರಿ ಇದಕ್ಕ?"

ನಾನು ಕಾಲು ತೊಳೆಯುವ ಕಾನೂನು ಹೇಳಿದೆ. ಆಯಿಯ ಕಾಯಿನೀರು ಹೇಳಿದೆ. ದನದ ಗಂಜಳದ ವಿಷಯ ಅವನೇ ಮೂಗಿನಿಂದ ತಿಳಿದುಕೊಂಡಿದ್ದ.

"ಅಂದ್ರ ದುಷ್ಮನ್ ಯಾರೂ ತಿಂದಿಲ್ರಿ ಇದನ್ನ," ಎಂದ ಮಲ್ಲಪ್ಪ. "ನೀವೇ ಮರ್ಯಾದಿ ಕೊಟ್ಟು ಕೊಟ್ಟು ತಿಂದೀರಿ."

ನಾನು ಸುಲಭದ ದಾರಿ ಕೇಳಿದೆ. ತೂತುಗಳಿಗೆ ಪುಟ್ಟಿ ತುಂಬಿ, ಮೇಲೊಂದು ಬಣ್ಣ ಹೊಡೆದರೆ ಆಗುವುದಿಲ್ಲವೇ? ಮಲ್ಲಪ್ಪ ನನ್ನನ್ನು, ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗನನ್ನು ನಾನು ನೋಡುವ ಹಾಗೆ ನೋಡಿದ. "ಹೊಡೀಬಹುದ್ರಿ. ಒಂದ್ ವರ್ಷ ಚಂದ ಕಾಣ್ತದ. ಒಳಗ ಮಾತ್ರ ತಿನ್ಕೋತ ಹೋಗ್ತದ. ಜಂಗ್ ಮುಚ್ಚಬಾರ್ದ್ರಿ, ಕೊಯ್ಯಬೇಕು. ಎಲ್ಲಿತನಕ ಹೋಗ್ಯಾದೋ ಅಲ್ಲಿತನಕ ಕೊಯ್ಯಬೇಕು." ಅವನು ಕಾರಿನ ವಿಷಯ ಹೇಳುತ್ತಿದ್ದ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಹೀಗೆ ಶುರುವಾಯಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಜೇವರ್ಗಿಯಿಂದ ಎರಡು ಬಸ್ಸು ಬದಲಾಯಿಸಿ ಕಡಗಂಚಿಗೆ ಹೋಗುತ್ತಿದ್ದೆ. ನಾನೂ ಕೆಲಸ ಮಾಡುತ್ತೇನೆಂದು ಹಟ ಹಿಡಿದಾಗ ಮಲ್ಲಪ್ಪ ಒಂದು ಸ್ಯಾಂಡ್ ಪೇಪರ್ ಕೊಟ್ಟು ಬಲಗಡೆಯ ಹಿಂದಿನ ಬಾಗಿಲು ತೋರಿಸಿದ. ಎರಡು ಶನಿವಾರ ತಿಕ್ಕಿದೆ. ಅಂಗೈಯಲ್ಲಿ ಗುಳ್ಳೆ ಎದ್ದವು. ಚಾಕ್‌ಪೀಸ್ ಹಿಡಿಯಲಾಗದೆ ಒಂದು ವಾರ ಬಾಯಿಂದಲೇ ಪ್ರಮೇಯ ಬಿಡಿಸಿದೆ. ಮೂರನೆಯ ಶನಿವಾರ ಅವನು ಆ ಬಾಗಿಲನ್ನು ಬಡಿದು ನೋಡಿ, "ದಬ್ ಅನ್ನಾಕತ್ತದ್ರಿ, ಇದನ್ನೂ ಕೊಯ್ಯೂದೇ" ಎಂದು ಅರ್ಧ ಗಂಟೆಯಲ್ಲಿ ಕತ್ತರಿಸಿ ಒಗೆದ. ನಾನು ತಿಕ್ಕಿದ ಅರ್ಧವೇ ಹೋಯಿತು. ಅಂದಿನಿಂದ ನನಗೆ ಚಹಾ ತರಿಸುವ ಕೆಲಸ ಮಾತ್ರ ಉಳಿಯಿತು.

ಬಣ್ಣದ ವಿಷಯದಲ್ಲಿ ಮನೆಯಲ್ಲಿ ಭಾರತ ಯುದ್ಧವೇ ನಡೆಯಿತು. ಮೊದಲಿನ ಬಣ್ಣವೇ ಇರಲಿ ಎಂದರು ಎಲ್ಲರೂ. ಆದರೆ ಮೊದಲಿನ ಬಣ್ಣ ಯಾವುದು? ಕಾಕಾನ ಹೆಂಡತಿ, ನಮ್ಮ ಕಾಕಿ, ಹಾಲಿನ ಬಣ್ಣ ಎಂದಳು. ನನ್ನ ತಂಗಿ ಫೋನಿನಲ್ಲಿ, ಬೂದಿ ಬಣ್ಣವೇ ಎಂದು ಆಣೆ ಮಾಡಿದಳು; ಅವಳು ಹುಟ್ಟುವ ಹೊತ್ತಿಗೆ ಅದರ ಮೇಲೆ ಧೂಳು ಕೂತಿತ್ತು. ನನಗೆ ನೆನಪಿದ್ದದ್ದು ಕೆಂಪು. ಕಾಕಾ ಎಲ್ಲರ ಮಾತು ಕೇಳಿ, "ಶೇಂಗಾ ಸಿಪ್ಪಿ ಬಣ್ಣ" ಎಂದರು. ಮಲ್ಲಪ್ಪ ಕಾರಿನ ಛಾವಣಿಯ ಮೂಲೆಯಲ್ಲಿ ಮೆಲ್ಲಗೆ ಕೆರೆದು ನೋಡಿದ. ಶೇಂಗಾ ಸಿಪ್ಪಿಯೇ ಹೌದು. ಕಣ್ಣು ಸರಿಯಿದ್ದ ನಾವೆಲ್ಲ ಸೋತೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿಗೆ ತಳ ಬಂದಿತ್ತು, ಬಾನೆಟ್ಟು ಬಂದಿತ್ತು, ಬಾಗಿಲುಗಳು ಬಾಗಿಲಿನ ಹಾಗೆ ಮುಚ್ಚುತ್ತಿದ್ದವು. ಉಳಿದದ್ದು ಹಿಂಭಾಗ. ಮಲ್ಲಪ್ಪ ಅಲ್ಲಿಯ ಹಳೆಯ ಪುಟ್ಟಿಯನ್ನು ಉದುರಿಸಿದ. ಅಂಗೈ ಅಗಲದ್ದಲ್ಲ, ಮೊರದಗಲದ ಒಂದು ತೇಪೆ ಹೊರಗೆ ಬಂತು. ಅವನು ಸುತ್ತಿಗೆಯಿಂದ ಬಡಿದ. ಟಣ್. ಇನ್ನೊಮ್ಮೆ ಬಡಿದ. ಟಣ್.

"ಬರ್ರಿ ಮಾಸ್ತರ, ಇಲ್ಲಿ ನೋಡ್ರಿ. ಇದು ಎಣ್ಣಿ ಡಬ್ಬಿ ಪತ್ರಾ. ಕೈಲೇ ಬಡದು ತೆಳ್ಳಗ ಮಾಡಿ ಕೂಡಿಸ್ಯಾರ. ಒಳಮೈಗಿ ಡಾಂಬರ ಬಳದಾರ. ಇಡೀ ಗಾಡ್ಯಾಗ ಜಂಗ್ ಮುಟ್ಟದ ಜಾಗ ಇದೊಂದ. ಯಾರ್ ಮಾಡ್ಯಾರ್ರಿ ಇದನ್ನ? ಆ ಕೈಗಿ ಸಲಾಂ ಹೊಡೀಬೇಕು."

ಯಾರು ಮಾಡಿದ್ದೆಂದು ನನಗೆ ಗೊತ್ತಿತ್ತು. ಯಾಕೆ ಮಾಡಬೇಕಾಯಿತು ಎಂಬುದೂ ಗೊತ್ತಿತ್ತು.

ಎಳ್ಳ ಅಮಾವಾಸ್ಯೆಯ ದಿನ ಅದು. ನಮ್ಮ ಕಡೆ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ. ಸಜ್ಜಿ ರೊಟ್ಟಿ, ಕಡಬು, ಹತ್ತಾರು ಕಾಳು ಸೊಪ್ಪು ಹಾಕಿದ ಭಜ್ಜಿ, ಗಡಿಗೆ ತುಂಬ ಅಂಬಲಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ನಡೆಯುತ್ತಾರೆ. ಹೊಲದಲ್ಲಿ ಐದು ಕಲ್ಲು ಆರಿಸಿ, ಸುಣ್ಣ ಅರಿಷಿಣ ಹಚ್ಚಿ, ಪಾಂಡವರೆಂದು ಕೂಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಬೆಳೆಯ ತುಂಬ ಚರಗ ಚೆಲ್ಲಿ, ಭೂಮಿಗೆ ಉಣಿಸಿ, ತಾವು ಉಣ್ಣುತ್ತಾರೆ. ಆ ವರ್ಷ ನಾವು ಹೋರಿಯಲ್ಲೇ ಹೋದೆವು. ಹೊಲ ಹಳ್ಳದ ದಂಡೆಗಿತ್ತು, ದಾರಿ ಇಳಿಜಾರು. ಚಾಚಾ ಮೇಲುಗಡೆ ಕಾರನ್ನು ಊರ ಕಡೆ ತಿರುಗಿಸಿ ನಿಲ್ಲಿಸಿ, ಡಿಕ್ಕಿಯಿಂದ ಕರಿಕಲ್ಲು ತೆಗೆದು ಹಿಂದಿನ ಗಾಲಿಗೆ ಕೊಟ್ಟು, ಎರಡು ಸಲ ಒದ್ದು ನೋಡಿ, ಬುಟ್ಟಿಗಳನ್ನು ಹೊತ್ತುಕೊಂಡು ಹೊಲಕ್ಕಿಳಿದರು.

ಆಯಿ ನನಗೆ ಐದು ಕಲ್ಲು ತರಲು ಹೇಳಿದಳು. ಎರೆ ಹೊಲದಲ್ಲಿ ಕಲ್ಲು ಹುಡುಕುವುದೆಂದರೆ ಅನ್ನದಲ್ಲಿ ಕಲ್ಲು ಹುಡುಕಿದಷ್ಟೇ ಕಷ್ಟ, ಬೇಕಾದಾಗ ಸಿಗುವುದಿಲ್ಲ. ಧರ್ಮರಾಯ ಸಿಕ್ಕ, ಅರ್ಜುನ ಸಿಕ್ಕ, ನಕುಲ ಸಹದೇವರು ಹಳ್ಳದಲ್ಲಿ ಜೋಡಿಯಾಗಿಯೇ ಸಿಕ್ಕರು. ಭೀಮ ಸಿಗಲಿಲ್ಲ. ಭೀಮನೆಂದ ಮೇಲೆ ದೊಡ್ಡವನಿರಬೇಕು, ಗಟ್ಟಿಮುಟ್ಟಾಗಿರಬೇಕು. ಹುಡುಕುತ್ತ ಕಾರಿನ ತನಕ ಬಂದೆ. ಗಾಲಿಯ ಹಿಂದೆ ಭೀಮ ಕೂತಿದ್ದ. ಒಂದು ಕಡೆ ಚಪ್ಪಟೆ, ಒಂದು ಕಡೆ ಗುಂಡಗೆ, ಕೂಡಿಸಿದರೆ ಅಲುಗದ ಭೀಮ. ಅವನನ್ನು ಎಳೆದುಕೊಂಡು ಎದೆಗವಚಿ ಓಡಿದೆ. ಕಾರು ಆಗ ಒಂದಿಷ್ಟೂ ಅಲುಗಲಿಲ್ಲ, ನನ್ನಾಣೆಗೂ.

ಆಯಿ ಭೀಮನನ್ನು ನೋಡಿ ಬಹಳ ಖುಷಿಪಟ್ಟಳು. ಸುಣ್ಣ ಹಚ್ಚಿದಳು, ಕಾಯಿ ಒಡೆದಳು, ಎಲ್ಲರೂ ಕೈ ಮುಗಿದರು. ಚಾಚಾ ಒಂದು ಕಡೆ ನಿಂತು ನೋಡುತ್ತಿದ್ದರು. ನಾವೆಲ್ಲ ಕೂಗುತ್ತ ಚರಗ ಚೆಲ್ಲುತ್ತ ಜೋಳದೊಳಗೆ ಹೊಕ್ಕಿದ್ದೆವು. ಆಗ ಕಾಕಿ, "ಅಯ್ಯ, ಹೋರಿ ಹೊಂಟದಲ್ರಿ" ಎಂದಳು. ತಿರುಗಿ ನೋಡಿದರೆ ಕಾರು ಯಾರ ಹಂಗೂ ಇಲ್ಲದೆ, ಬಹಳ ಮರ್ಯಾದೆಯಿಂದ, ಹಿಂದುಹಿಂದಕ್ಕೆ ಇಳಿಯುತ್ತಿತ್ತು. ಚಾಚಾ ಓಡಿದರು. ಮುಟ್ಟುವಷ್ಟರಲ್ಲಿ ಅದು ಬೇವಿನ ಗಿಡಕ್ಕೆ ಹಿಂಭಾಗ ಕೊಟ್ಟು ನಿಂತಿತ್ತು. ಡಿಕ್ಕಿಯಲ್ಲಿದ್ದ ಅಂಬಲಿಯ ಗಡಿಗೆ ಒಡೆದು, ಬೆಳ್ಳಗೆ ಹರಿದು ಬರುತ್ತಿತ್ತು.

ಕಾಕಾ ನೆರೆಹೊಲದವರೆಲ್ಲ ಕೂಡಿದ ಮುಂದೆ ಕೂಗಾಡಿದರು. "ಒಂದ್ ಕಲ್ಲ, ಒಂದ್ ಕಲ್ಲ ಕೊಡಾಕ ಮರೀತೀಯಲ್ಲೋ. ಡ್ರೈವರ್ ಅಂತ ಯಾವ ಮಾರಿ ಇಟ್ಕೊಂಡ್ ಹೇಳ್ಕೋತೀ?"

ಚಾಚಾ ಗಾಲಿಯ ಜಾಗ ನೋಡಿದರು. ಆಮೇಲೆ ಪಾಂಡವರ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ಗಲತಿ ಆತ್ರಿ ಸಾಹುಕಾರ್ರ" ಎಂದರು, ಅಷ್ಟೇ. ನಾನು ಕಾಕಿಯ ಸೆರಗಿನ ಹಿಂದೆ ನಿಂತು ಕಡಬು ತಿನ್ನುತ್ತಿದ್ದೆ. ಎರಡು ತಿಂಗಳು ಕೂತು ಚಾಚಾ ತಮ್ಮ ಕೈಯಾರೆ ಕಾರಿನ ಹಿಂಭಾಗ ಸರಿಮಾಡಿದರು. ಕೀಲಿಕೈ ಕಾಕಾನ ಮುಂದಿಟ್ಟು ಅಫಜಲಪುರಕ್ಕೆ ಹೋಗಿಬಿಟ್ಟರು.

ಮಲ್ಲಪ್ಪ ಆ ತೇಪೆ ತೋರಿಸಿದ ಮರುದಿನವೇ ನಾನು ಅಫಜಲಪುರದ ಬಸ್ಸು ಹತ್ತಿದೆ. ಚಾಚಾನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಿಲ್ದಾಣದ ಚಹಾದಂಗಡಿಯಲ್ಲಿ ಮಟಕಿಯ ಮಶಾಕಸಾಬರ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ, ಒಬ್ಬ ಮುದುಕ, "ಯಾರು, ಕಲ್ಲ ಮರ್ತ ಮಶಾಕ ಏನ್ರಿ?" ಎಂದು ದಾರಿ ತೋರಿಸಿದ. ಆ ಹೆಸರು ಅಲ್ಲಿಯ ತನಕ ಅವರ ಹಿಂದೆಯೇ ಬಂದಿತ್ತು. ನನಗೆ ನಾಚಿಕೆಯಾಯಿತು, ಅಲ್ಲಿಂದಲೇ ತಿರುಗಿ ಹೋಗೋಣವೆನ್ನಿಸಿತು.

ಚಾಚಾ ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದರು. ಬಿಳಿ ಗಡ್ಡ, ಅದೇ ಉದ್ದ ಕೈಗಳು. "ಸಿದ್ದೂ, ನೀ ಹೌದಲ್ಲೋ?" ಎಂದರು. ಚಹಾ ಬಂತು. ನಾನು ಫೋನಿನಲ್ಲಿ ತೇಪೆಯ ಚಿತ್ರ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇನ್ನೂ ಅದ?" ಎಂದು ಕೇಳಿದರು. ಮಲ್ಲಪ್ಪ ಹೇಳಿದ್ದನ್ನು ಹೇಳಿದೆ. ಅವರ ಮುಖ ಅರಳಿತು. ಆ ಖುಷಿ ಆರುವ ಮೊದಲೇ ಹೇಳಿಬಿಡಬೇಕೆಂದು ನಾನು ಕಣ್ಣು ಮುಚ್ಚಿ ಹೇಳಿದೆ: "ಚಾಚಾ, ಆ ಕಲ್ಲ ನಾ ತಗೊಂಡಿದ್ದೆ."

"ಗೊತ್ತದ."

"ಮತ್ತ ಅವತ್ತ ಯಾಕ ಹೇಳ್ಲಿಲ್ರಿ?"

"ಹ್ಯಾಂಗ ಹೇಳ್ಲಿ? ನಿಮ್ಮ ಆಯಿ ಅದಕ್ಕ ಸುಣ್ಣಾ ಹಚ್ಚಿ, ಕಾಯಿ ಒಡದು, ದೇವ್ರ ಮಾಡಿ ಕೂಡ್ಸಿದ್ರು. ಸುಣ್ಣದ ಕೆಳಗ ನನ್ನ ಗ್ರೀಸ್ ಕಾಣಾಕತ್ತಿತ್ತು. ದೇವ್ರ ಕಡಿ ಬೊಟ್ಟ ಮಾಡಿ, ಇದು ನನ್ನ ಗಾಲಿ ಕಲ್ಲರಿ ಅಂತ ಆ ಮುದುಕಿ ಮುಂದ ಹ್ಯಾಂಗ ಅನ್ಲಿ? ಮ್ಯಾಲ ನೀ ಇಷ್ಟ ಸಣ್ಣಾಂವ ಇದ್ದಿ. ಕಡಬು ಬಾಯಾಗ ಇಟ್ಕೊಂಡು ಗಡಗಡ ನಡಗಾಕತ್ತಿದ್ದಿ."

ಅವರು ಚಹಾದ ಕಪ್ಪು ಕೆಳಗಿಟ್ಟರು. ಆಮೇಲೆ ಅವರು, "ಸುಳ್ಳ ಯಾಕ ಹೇಳ್ಲಿ, ಬ್ಯಾಸರ ಆತು ಸಿದ್ದೂ. ಹೊಟ್ಟಿಗಿ ಕಡಿಮಿ ಆಗ್ಲಿಲ್ಲ, ಜೀಪ್ ಹೊಡದೆ, ಮಕ್ಕಳ ಲಗ್ನಾ ಮಾಡಿದೆ. ಆದ್ರ ಕಲ್ಲ ಮರ್ತಂವ ಅಂದ್ರ ಡ್ರೈವರ್‌ಗ ಅದಕ್ಕಿಂತ ದೊಡ್ಡ ಬೈಗಳ ಇಲ್ಲ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಐವತ್ತು ವರ್ಷದ ಮಾಸ್ತರ, ಒಂಬತ್ತು ವರ್ಷದವನ ಹಾಗೆ ಅತ್ತೆ. ಎಳ್ಳ ಅಮಾವಾಸ್ಯೆಗೆ ಕಾರು ತಯಾರಾಗುತ್ತದೆ, ಮಟಕಿಯ ಹೊಲಕ್ಕೆ ಬರ್ರಿ ಎಂದು ಕರೆದೆ.

"ಬರ್ತೇನಿ. ಗಾಡಿ ನೋಡಾಕ ಬರ್ತೇನಿ. ಆದ್ರ ಹೊಲದಾಗ ಕಾಲ ಇಡಂಗಿಲ್ಲ. ನೀ ನಿಮ್ಮ ಕಾಕಾಗ ಹೇಳಿದ ಮ್ಯಾಲ ಇಡ್ತೇನಿ. ನಾಕ್ ಮಂದಿ ಮುಂದ ಹೋದ ಹೆಸರು, ನಾಕ್ ಮಂದಿ ಮುಂದೇ ಬರ್ಲಿ."

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಕಡಗಂಚಿಯಿಂದ ಮಟಕಿಗೆ ಹೋರಿಯನ್ನು ನಾನೇ ಓಡಿಸಿಕೊಂಡು ಹೋದೆ. ಶೇಂಗಾ ಸಿಪ್ಪಿ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಕಾಕಾ ಅಂಗಳಕ್ಕೆ ಬಂದು, ಮುಂದಿನ ದೀಪದಿಂದ ಶುರುಮಾಡಿ ಮೈಯೆಲ್ಲ ಸವರುತ್ತ ಒಂದು ಸುತ್ತು ಹಾಕಿದರು. ಹಿಂಭಾಗಕ್ಕೆ ಬಂದಾಗ ಅವರ ಕೈ ನಿಂತಿತು. "ಇಲ್ಲೇ ಬಡದಿತ್ತು" ಎಂದರು. ನಾನು ಹೇಳಬೇಕಾದದ್ದು ಇಲ್ಲಲ್ಲ, ಹೊಲದಲ್ಲಿ. ಹೊರಡುವಾಗ ಕಾಕಿ ಅಭ್ಯಾಸಬಲದಿಂದ ತಂಬಿಗೆ ತಂದಳು. ಹುಡುಗರು ಕಾಲು ಚಾಚಿದರು. ಮಲ್ಲಪ್ಪನ ಮುಖ ನೆನಪಾಗಿ, ಎಲ್ಲರ ಕಾಲನ್ನೂ ನಾನೇ ಕೂತು ಟವೆಲ್ಲಿನಿಂದ ಒರೆಸಿದೆ.

ಅದೇ ಹಳ್ಳದ ದಂಡೆ, ಅದೇ ಇಳಿಜಾರು. ಮೇಲುಗಡೆ ಕಾರು ನಿಲ್ಲಿಸಿ, ಹೊಸ ಹ್ಯಾಂಡ್ ಬ್ರೇಕ್ ಎಳೆದೆ, ಗೇರಿನಲ್ಲೂ ಬಿಟ್ಟೆ. ಕಲ್ಲು ಮಾತ್ರ ಕೊಡಲಿಲ್ಲ; ಈ ಗಾಡಿಗೆ ಅದು ನನ್ನ ಕೈಯ ಕೆಲಸವಲ್ಲ. ಎಲ್ಲರೂ ಹೊಲಕ್ಕಿಳಿದರು. ನಾವು ನೆಲ ಸಾರಿಸಿ ಸುಣ್ಣ ಕಲೆಸುವ ಹೊತ್ತಿಗೆ ಮಲ್ಲಪ್ಪನ ಬೈಕು ಬಂತು. ಅವನು ಆಳಂದಕ್ಕೆ ಹೋಗಿ, ಅಲ್ಲಿ ಬಸ್ಸಿನಿಂದ ಇಳಿದ ಚಾಚಾನನ್ನು ಕೂಡಿಸಿಕೊಂಡು ಬಂದಿದ್ದ. ಚಾಚಾ ಕಾರಿನ ಬಳಿಯೇ ನಿಂತರು. ಹೊಲದೊಳಗೆ ಕಾಲಿಡಲಿಲ್ಲ.

"ಸಿದ್ದ್ಯಾ, ಕಲ್ಲ ಎಲ್ಲಿ?" ಎಂದರು ಕಾಕಾ. ಅವರ ಕೈಯಲ್ಲಿ ಒಡೆಯುವ ಕಾಯಿ ಇತ್ತು. ಸುತ್ತ ಮನೆಯವರು, ನೆರೆಹೊಲದವರು ನಿಂತಿದ್ದರು. ನನ್ನ ಬೊಗಸೆಯಲ್ಲಿ ನಾಲ್ಕು ಕಲ್ಲಿದ್ದವು.

"ಐದನೇದ್ದು ನಾ ತರಂಗಿಲ್ರಿ ಕಾಕಾ. ಅವತ್ತ ತಂದಿದ್ದೆ. ಚಾಚಾ ಗಾಲಿಗಿ ಕೊಟ್ಟಿದ್ದ ಕಲ್ಲನ್ನ ಕಿತ್ಗೊಂಡು ಬಂದು ಭೀಮ ಅಂತ ಆಯಿ ಕೈಯಾಗ ಇಟ್ಟಿದ್ದೆ. ಅವರು ಕಲ್ಲ ಮರ್ತಿರ್ಲಿಲ್ಲ. ನಾವೆಲ್ಲಾರೂ ಆ ಕಲ್ಲಿಗೇ ಕೈ ಮುಗದು, ಅವರಿಗಿ ಬೈದೇವಿ."

ಮೊದಲು ಕಾಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೆರೆಹೊಲದವನೊಬ್ಬ, "ಅಂದ್ರ ಭೀಮನ್ನ ಕಿತ್ತಿದ್ದಕ್ಕ ಹೋರಿ ಓಡೇದ" ಎಂದ. ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ನನ್ನ ಮೇಲೆ ಸಿಟ್ಟಾಗುತ್ತಾರೆಂದು ನಾನು ನಿಜಕ್ಕೂ ಹೆದರಿದ್ದೆ; ಈಗ ಬೈದುಬಿಟ್ಟಿದ್ದರೇ ಹಗುರಾಗುತ್ತಿತ್ತು ಅನ್ನಿಸಿತು. ಅವರು ಕನ್ನಡಕ ಸರಿಮಾಡಿಕೊಂಡು ದಾರಿಯ ಕಡೆ ನೋಡಿದರು.

"ಅಲ್ಲಿ ಗಾಡಿ ಹತ್ರ ನಿಂತಂವ ಯಾರು?"

"ಮಶಾಕ್ ಚಾಚಾರಿ."

ಕಾಕಾ ಬದುವಿನ ತನಕ ತಾವೇ ನಡೆದುಕೊಂಡು ಹೋದರು. ನಾವೆಲ್ಲ ಹಿಂದೆ ಹೋದೆವು. "ಮಶಾಕ," ಎಂದರು ಕಾಕಾ, ಎಲ್ಲರಿಗೂ ಕೇಳುವ ಹಾಗೆ, "ಅವತ್ತ ನಾ ಕಲ್ಲ ಎಲ್ಲಿ ಅಂತ ಕೇಳಬೇಕಿತ್ತು. ಕೇಳ್ಲಿಲ್ಲ. ಬೈದೆ. ತಪ್ಪ ನಂದು." ಜೀವಮಾನದಲ್ಲಿ ಕಾಕಾ ಆ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಬಾ. ಐದನೇ ಕಲ್ಲ ನೀ ತಾ."

ಚಾಚಾ ಚಪ್ಪಲಿ ಬಿಟ್ಟು ಹೊಲಕ್ಕಿಳಿದರು. ನಮ್ಮ ಯಾರ ಸಹಾಯವನ್ನೂ ಬೇಡವೆಂದು, ಹಳ್ಳದ ಕಡೆಗೆ ಮೆಲ್ಲಗೆ ಹೋಗಿ, ಒಂದೊಂದೇ ಕಲ್ಲನ್ನು ಕಾಲಿನಿಂದ ಹೊರಳಿಸಿ ನೋಡುತ್ತ ಬಹಳ ಹೊತ್ತು ತಿರುಗಿದರು. ಬರುವಾಗ ಅವರ ಎರಡೂ ಕೈಯಲ್ಲಿ ಒಂದೊಂದು ಕಲ್ಲಿತ್ತು.

"ಎರಡ್ಯಾಕೋ?" ಎಂದರು ಕಾಕಾ.

"ಒಂದ್ ದೇವ್ರಿಗ್ರಿ, ಒಂದ್ ಗಾಲಿಗ್ರಿ. ಸಿದ್ದು ಇಲ್ಲೇ ಅದಾನಲ್ರಿ."

ಮಲ್ಲಪ್ಪ, "ಹ್ಯಾಂಡ್ ಬ್ರೇಕ್ ಹೊಸದು ಹಾಕೇನಿ ಚಾಚಾ, ಗಾಡಿ ಎಲ್ಲೂ ಹೋಗಂಗಿಲ್ಲ" ಎಂದ. ಚಾಚಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಒಂದು ಕಲ್ಲನ್ನು ಕಾಕಾನ ಮುಂದಿಟ್ಟು, ಇನ್ನೊಂದನ್ನು ಹಿಡಿದುಕೊಂಡು ಏರು ಹತ್ತಿ ಹೋದರು. ಗಾಲಿಗೆ ಕಲ್ಲು ಕೊಟ್ಟು, ಎರಡು ಸಲ ಒದ್ದು ನೋಡಿ, ಕೈ ಒರೆಸಿಕೊಂಡು ತಿರುಗಿ ಬಂದರು. ಅವರು ಬಂದು ನಿಲ್ಲುವ ತನಕ ಕಾಕಾ ಕಾಯಿ ಒಡೆಯಲಿಲ್ಲ.